ಅಪ್ಪನ ದನಿಯಲ್ಲಿ ಫ್ಲ್ಯಾಟಿನ ಜಾಹೀರಾತು

ಯಂತ್ರ ತಮ್ಮ ದನಿಯನ್ನು ಕದಿಯುತ್ತಿದೆ ಎಂದು ಗಾಯಕರು ಕೋರ್ಟಿನ ಮೆಟ್ಟಿಲು ಹತ್ತಿದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ, ದೊಡ್ಡವರ ಜಗಳ, ನಮಗ್ಯಾಕೆ ಎಂದು ಪುಟ ಮಗುಚುತ್ತಿದ್ದೆ. ಇಂದಿರಾನಗರದ ಸಭಾಂಗಣವೊಂದರಲ್ಲಿ ಇದೇ ವಿಷಯದ ಚರ್ಚೆಗೆ ಗೆಳತಿಯೊಬ್ಬಳು ಎಳೆದುಕೊಂಡು ಹೋಗಿದ್ದಳು. ಎರಡು ಗಂಟೆ ಬರೀ ಸಿನಿಮಾ ನಟರ ಮಾತು, ಗಾಯಕರ ಮಾತು. ನಾನು ಕಾಫಿ ಕುಡಿದು ಎದ್ದು ಬಂದೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಮ್ಮಪ್ಪ ಗಾಯಕರಲ್ಲ. ಹಲಸೂರಿನಾಚೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮುಂದೆ ನಿಂತು ಆಯುಸ್ಸು ಸವೆಸಿದವರು. ಆದರೆ ಕಾರ್ಖಾನೆ ಕಾಲೊನಿಯ ರಾಜ್ಯೋತ್ಸವದಲ್ಲಿ ಮೈಕ್ ಮಾತ್ರ ಅವರದೇ. ದಾವಣಗೆರೆ ಕಡೆಯ ಗಡಸು ದನಿ. ಕನ್ನಡದಲ್ಲಿ ಹೇಳಿದ್ದನ್ನು ತಮಿಳಿನಲ್ಲೊಂದು ಸಲ, ಶಿವಾಜಿನಗರದ ಉರ್ದುವಿನಲ್ಲೊಂದು ಸಲ ಹೇಳುತ್ತಿದ್ದರು. ಮೈಕಿನ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಚಂದಾ ಕೊಟ್ಟವರ ಹೆಸರೆಲ್ಲ ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ಮೈಕಿನಲ್ಲಿ ಬರುವುದು ದುಡಿದವರ ಹೆಸರು: ಶಾಮಿಯಾನ ಕಟ್ಟಿದವನು, ನಾಟಕದ ಬಟ್ಟೆ ಹೊಲಿದವಳು, ರಸೆಲ್ ಮಾರುಕಟ್ಟೆಯಿಂದ ಹೂವಿನ ಮೂಟೆ ಹೊತ್ತು ತಂದವನು. ಒಂದು ವರ್ಷ ಆಭರಣದ ಅಂಗಡಿಯವರು, ಮೈಕಿನಲ್ಲಿ ನಮ್ಮ ಹೆಸರು ಕೂಗಿದರೆ ವೇದಿಕೆ ನಾವೇ ಹಾಕಿಸುತ್ತೇವೆ ಎಂದು ಬಂದಿದ್ದರು. ಅಪ್ಪ ಸುತರಾಂ ಒಪ್ಪಲಿಲ್ಲ. ಕ್ಯಾಂಟೀನಿನ ಬೆಂಚುಗಳನ್ನು ಜೋಡಿಸಿ ಆ ಸಲದ ನಾಟಕ ಆಯಿತು.

ಅಪ್ಪ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ರಾಜ್ಯೋತ್ಸವಕ್ಕೆ ಇನ್ನೊಂದು ತಿಂಗಳಿರುವಾಗ ಕಾಲೊನಿ ಸಂಘದ ಕಾರ್ಯದರ್ಶಿ ಮನೆಗೆ ಬಂದ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರ ಮಗ, ಅಮ್ಮನ ಕೈಯ ಚಿತ್ರಾನ್ನ ತಿಂದು ಬೆಳೆದವನು. ಹಳೆಯ ಕಾರ್ಯಕ್ರಮಗಳ ಕ್ಯಾಸೆಟ್ ಇದ್ದರೆ ಕೊಡಿ, ಅಂಕಲ್ ನೆನಪಿಗೆ ಏನಾದರೂ ಮಾಡುತ್ತೇವೆ ಎಂದ. ಇದ್ದಬದ್ದ ಕ್ಯಾಸೆಟ್ ಎಲ್ಲ ತೆಗೆದು ಕೊಟ್ಟೆ. ಏನು ಮಾಡುತ್ತೀಯ ಎಂದು ಒಂದು ಮಾತು ಕೇಳಲಿಲ್ಲ. ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ರಾಜ್ಯೋತ್ಸವದ ಬೆಳಿಗ್ಗೆ ಬಾವುಟ ಏರಿತು. ಅಮ್ಮನನ್ನೂ ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಇದ್ದಕ್ಕಿದ್ದಂತೆ ಸ್ಪೀಕರಿನಿಂದ ಅಪ್ಪ ಮಾತಾಡಿದರು. ಕಾಲೊನಿಯ ಬಂಧುಗಳಿಗೆಲ್ಲ ಶುಭಾಶಯ ಹೇಳಿದರು. ಅದೇ ಗಡಸು, ಕೊನೆಯಲ್ಲಿ ಅದೇ ಎಳೆತ. ಅಮ್ಮ ನನ್ನ ಮುಂಗೈ ಹಿಡಿದುಕೊಂಡಳು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣೂ ತುಂಬಿ ಬಂತು. ಮರುನಿಮಿಷವೇ ಅದೇ ದನಿ ಕಗ್ಗದಾಸಪುರದಲ್ಲಿ ಯಾರೋ ಬಿಲ್ಡರ್ ಕಟ್ಟಿಸುತ್ತಿರುವ ಫ್ಲ್ಯಾಟುಗಳನ್ನು ಹೊಗಳತೊಡಗಿತು. ಎರಡು ಬೆಡ್‌ರೂಮು, ಈಜುಕೊಳ, ಇಂದೇ ಬುಕ್ ಮಾಡಿ. ಅದನ್ನೇ ತಮಿಳಿನಲ್ಲಿ, ಅದನ್ನೇ ಉರ್ದುವಿನಲ್ಲಿ. ಶಾಮಿಯಾನ ಕಟ್ಟಿದವನು ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ಅವನ ಹೆಸರು ಬರಲೇ ಇಲ್ಲ.

ನನ್ನ ಮೈ ಉರಿದುಹೋಯಿತು. ನಾನು ಕೊಟ್ಟ ಕ್ಯಾಸೆಟ್ಟಿನ ದನಿಯನ್ನು ಯಂತ್ರಕ್ಕೆ ಕಲಿಸಿ, ಬದುಕಿದ್ದಾಗ ಅವರ ಬಾಯಿಂದ ಯಾರಿಗೂ ಹೊರಡಿಸಲಾಗದ ಮಾತನ್ನು ಸತ್ತ ಮೇಲೆ ಹೊರಡಿಸಿದ್ದರು. ಸಾಲದ್ದಕ್ಕೆ ಅದಕ್ಕೆ ನುಡಿನಮನ ಎಂದು ಹೆಸರು ಬೇರೆ. ಅಮ್ಮನಿಗೆ ಹೊದಿಸಲು ಶಾಲು ಹಿಡಿದು ಬಂದರು. ಅವಳು ಎದ್ದು ಗೇಟಿನ ಕಡೆ ನಡೆದಳು.

ಕಾರ್ಯದರ್ಶಿ ಹಿಂದೆಯೇ ಓಡಿಬಂದ. ಬಿಲ್ಡರ್ ಇಲ್ಲದಿದ್ದರೆ ಈ ಸಲ ಕಾರ್ಯಕ್ರಮವೇ ಇರುತ್ತಿರಲಿಲ್ಲ, ಈಗ ಎಲ್ಲ ಕಡೆ ಹೀಗೇ ನಡೆಯುವುದು ಎಂದ. ಯಾರನ್ನು ಕೇಳಿ ಮಾಡಿದೆ ಎಂದು ನಾನು ಬಾಯಿಗೆ ಬಂದಂತೆ ಬೈದೆ. ಕ್ಯಾಸೆಟ್ ನೀವೇ ಕೊಟ್ಟಿರಲ್ಲಕ್ಕಾ ಎಂದ. ಅದು ನಿಜವಾಗಿದ್ದರಿಂದ ಸಿಟ್ಟು ಇನ್ನೂ ನೆತ್ತಿಗೇರಿತು. ಅವನು ನನ್ನನ್ನು ಬಿಟ್ಟು ಅಮ್ಮನ ಮುಂದೆ ಫೋನು ಹಿಡಿದ. ಸಮಾಧಾನ ಮಾಡುವುದೇ ಅವನ ಉದ್ದೇಶ.

“ಆಂಟಿ, ನಿಮಗೇನ್ ಕೇಳ್ಬೇಕು ಅನ್ಸುತ್ತೋ ಹೇಳಿ, ಟೈಪ್ ಮಾಡ್ತೀನಿ. ಅಂಕಲ್ ಅದನ್ನೇ ಹೇಳ್ತಾರೆ.”

“ನಲವತ್ತು ವರ್ಷ ಸಂಸಾರ ಮಾಡಿದೀನಪ್ಪಾ,” ಅಂದಳು ಅಮ್ಮ. “ನಾನು ಹೇಳ್ಕೊಟ್ಟಿದ್ದನ್ನ ಅವರು ಒಂದಿನಾನೂ ಹೇಳಿದೋರಲ್ಲ. ಅಳಿಸ್ಬಿಡು.”

ಅವನು ಅಲ್ಲೇ ನಿಂತು ಅಳಿಸಿದ. ಆಮೇಲೆ ತಲೆ ಕೆರೆದುಕೊಂಡು ಉಳಿದದ್ದನ್ನು ಹೇಳಿದ. ಫೋನಿನಿಂದ ಹೋಯಿತು, ಆದರೆ ದನಿ ಮಾಡಿಕೊಟ್ಟ ಕಂಪನಿಯ ಹತ್ತಿರ ಒಂದು ಪ್ರತಿ ಇದೆ. ಬಿಲ್ಡರ್ ಕಡೆಯವರೂ ಒಂದು ಇಟ್ಟುಕೊಂಡಿದ್ದಾರೆ, ಜನರಿಗೆ ಹಿಡಿಸಿದರೆ ಕೆ.ಆರ್. ಪುರದ ಫ್ಲ್ಯಾಟುಗಳಿಗೂ ಅಂಕಲ್ ಕೈಲೇ ಹೇಳಿಸುತ್ತಾರಂತೆ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹಾಗಾದ್ರೆ ಅವರನ್ನ ಮನೆಗೆ ಕರ್ಕೊಂಡ್ಹೋಗೋಕೆ ನಾನೀಗ ಯಾರನ್ನ ಕೇಳ್ಬೇಕು?”