ಹಿಡಿಯದ ಪುದೀನಾ

ಬಿಸಿಲೇರಿದ ಮೇಲೆ ಪುದೀನಾದ ವಾಸನೆ ಕಿಟಕಿ ದಾಟಿ ನನ್ನ ಮಂಚದವರೆಗೆ ಬರುತ್ತದೆ. ಕುಮಟೆಯ ಈ ಬಾಡಿಗೆ ಮನೆ ಇರುವುದು ಎರಡನೇ ಮಹಡಿಯಲ್ಲಿ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಗಾರೆ ಕೆಲಸ ಹಿಡಿದವನು ನಾನು. ನಾನು ಎಬ್ಬಿಸಿದ ಗೋಡೆಗೆ ಯಾರೂ ಮತ್ತೆ ತೂಗುಗುಂಡು ಹಿಡಿದು ನೋಡಿದ್ದಿಲ್ಲ. ಸಾರವೆಯಿಂದ ಬಿದ್ದು ಸೊಂಟ ಹೋದ ಮೇಲೆ ಮೆಟ್ಟಿಲು ಇಳಿದಿಲ್ಲ. ಎತ್ತಿಕೊಂಡು ಇಳಿಸುತ್ತೇವೆ ಎಂದು ಬಂದ ಜೊತೆಗಾರರಿಗೆ ಬೇಡ ಎಂದಿದ್ದೇನೆ. ಹೆಂಡತಿ ಸಾವಿತ್ರಿ ಹಳೆಯ ಬಣ್ಣದ ಬಕೆಟ್ಟಿಗೆ ಮಣ್ಣು ತುಂಬಿ ಕಿಟಕಿಯಾಚೆ ಪುದೀನಾ ನೆಟ್ಟಿದ್ದಾಳೆ. ಅದರ ವಾಸನೆ ಬಂದರೆ ಸಾಕು, ಭಟ್ಕಳದ ಹತ್ತಿರದ ಮುಟ್ಟಳ್ಳಿಯ ನಮ್ಮ ಮನೆ, ಬಚ್ಚಲ ನೀರು ಹರಿಯುವ ಹಿತ್ತಲು, ಅಲ್ಲಿ ಬಗ್ಗಿ ಕೂತ ದೇವಕಿ ಅತ್ತೆಯ ಬೆನ್ನು ಕಣ್ಣ ಮುಂದೆ ಬರುತ್ತವೆ. ಆ ಮನೆ ಪಾಲಾಗಿ, ಮಾರಿಹೋಗಿ, ಈಗ ಅಲ್ಲಿ ಬೇರೆಯವರ ತಾರಸಿ ಮನೆ ನಿಂತಿದೆ.

ಅತ್ತೆ ಅಪ್ಪನ ತಂಗಿ. ಅವಳ ಗಂಡ ರತ್ನಾಗಿರಿಯ ಬೋಟಿಗೆ ಕೆಲಸಕ್ಕೆ ಹೋದವನು ಮರಳಿ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಅಪ್ಪ ಅವಳನ್ನು ಕರೆತಂದು ಒಂದೇ ಮಾತು ಹೇಳಿದ್ದನಂತೆ: "ಅಂವ ಬಂದು ಕರ್ಕಂಡು ಹೋಗೂವರೆಗೆ ನೀ ಬೇಲಿ ದಾಟೂದು ಬೇಡ." ನಾನು ಹುಟ್ಟಿ ಓಡಾಡುವಷ್ಟಾದರೂ ಆ ಮಾತು ಹಾಗೇ ಇತ್ತು. ಮದುವೆ ಮನೆಗಿಲ್ಲ, ಗದ್ದೆ ನೆಟ್ಟಿಗಿಲ್ಲ. ಹಾಗಾಗಿ ಹಿತ್ತಲೇ ಅವಳ ಊರಾಯಿತು. ಅವಳು ಮುಟ್ಟಿದ್ದೆಲ್ಲ ಚಿಗುರುತ್ತಿತ್ತು. ನನಗೆ ಕೆಮ್ಮು ಬಂದರೆ ಸಾಂಬ್ರಾಣಿ ಸೊಪ್ಪನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನೆಕ್ಕಿಸುತ್ತಿದ್ದಳು. ಒಂದೆಲಗ ಕಿತ್ತು ಕಾಯಿತುರಿಯ ಜೊತೆ ಅರೆದು ತಂಬುಳಿ ಮಾಡುತ್ತಿದ್ದಳು. ಕುದಿಯುವ ಮಜ್ಜಿಗೆಗೆ ಮಜ್ಜಿಗೆ ಹುಲ್ಲನ್ನು ಗಂಟು ಕಟ್ಟಿ ಹಾಕಿದರೆ ಅದರ ನಿಂಬೆ ಪರಿಮಳ ಗದ್ದೆಯ ಅಂಚಿನ ಹಾಳಿಯವರೆಗೆ ಹೋಗುತ್ತಿತ್ತು. ಅಂಥ ಕೈಗೆ ಪುದೀನಾ ಒಂದು ಮಾತ್ರ ಹಿಡಿಯುತ್ತಿರಲಿಲ್ಲ.

ಅಪ್ಪನಿಗೆ ಉಂಡ ಮೇಲೆ ಹೊಟ್ಟೆ ಉಬ್ಬರ; ಗಂಜಿಯ ಜೊತೆ ಪುದೀನಾ ಚಟ್ನಿ ಬೇಕೇ ಬೇಕು. ಸೊಪ್ಪಿಗೆ ದುಡ್ಡು ಕೊಡುವ ಜಾತಿಯವನಲ್ಲ. ಗಿಡ ಕೇಳಿ ತಂದರೆ ಬರುವುದಿಲ್ಲ, ಕದ್ದು ತರಬೇಕು, ಅದೂ ನೆಡುವ ಕೈಯೇ ಕದಿಯಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಅಪ್ಪನೂ ಅದನ್ನು ನಂಬಿದವನೇ. ಹಾಗಾಗಿ ಪುದೀನಾ ಒಣಗಿದಾಗೆಲ್ಲ ಅವನೇ ಗೊಣಗುತ್ತ, ನನ್ನತ್ತ ಕೈ ತೋರಿಸಿ ಹೇಳಬೇಕಾಗುತ್ತಿತ್ತು: "ಆತು, ಹೋಗಿ ಬಾ. ಮಾಣಿನ ಜೊತೆಗೆ ಕರ್ಕಾ."

ಕದಿಯಲು ಹೋಗುತ್ತಿದ್ದುದು ಭಟ್ಕಳ ಪೇಟೆಯ ಜುಬೇದಾ ಬೀಬಿಯ ಮನೆಗೆ. ಗಂಡ ದುಬೈಯಲ್ಲಿ, ಎತ್ತರದ ಗೋಡೆಯೊಳಗೆ ಬಾವಿಕಟ್ಟೆಯ ಸುತ್ತ ಪುದೀನಾ. ಅತ್ತೆ ಬಗ್ಗಿದ ಕೂಡಲೇ ಬೀಬಿ ಗೋಡೆಯ ಕಡೆ ಮುಖ ತಿರುಗಿಸಿ, "ನಾನು ಎಂತದೂ ಕಾಣ್ಲಿಲ್ಲ" ಎನ್ನುವಳು. ಆಮೇಲೆ, "ಬಾ ಕಳ್ಳಿ, ಚಾ ಕುಡಿ." "ಕದ್ದವ್ರಿಗೆ ಚಾ ಕೊಡೂದು ನಿಮ್ಮ ಮನೇಲಿ ಮಾತ್ರ ಬೀಬಿ," ಎಂದು ಅತ್ತೆ ನಗುವಳು. ಆ ನಗು ನಮ್ಮ ಮನೆಯಲ್ಲಿ ನಾನು ಕೇಳಿದ್ದಿಲ್ಲ. ಮರಳುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳನ್ನು ಹಿಡಿದು ಬಸ್‌ಸ್ಟ್ಯಾಂಡಿನ ಎದುರು ನಿಲ್ಲುವಳು. ಅವಳಿಗೆ ಓದಲು ಬಾರದು. ನಾನು ಹೊಸದಾಗಿ ಕಲಿತ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತಿದ್ದೆ. ಹೊನ್ನಾವರ. ಕುಮಟಾ. "ಮತ್ತೊಂದು ಓದು," ಎನ್ನುವಳು.

ಒಂದು ಬೆಳಿಗ್ಗೆ, ಅವಳು ಅನ್ನ ಬಸಿದ ಬಿಸಿ ತಿಳಿಯನ್ನು ಹೊಗೆಯಾಡುತ್ತಿದ್ದಂತೆಯೇ ಪುದೀನಾದ ಬುಡಕ್ಕೆ ಹೊಯ್ಯುವುದನ್ನು ಕಂಡೆ. ಅವಳು ಬೆಚ್ಚಲಿಲ್ಲ. "ಎಂತ ನೋಡ್ತೆ ತಮಾ? ನಾಡ್ದು ಬೋರ್ಡು ಓದೂಕೆ ಬತ್ತೆ ಅಲ್ಲ?" ಎಂದಳು. ನಾನು ತಲೆಯಾಡಿಸಿದೆ. ಯಾರಿಗೂ ಹೇಳಲಿಲ್ಲ.

ನಾನು ಶಾಲೆ ಬಿಟ್ಟು ಭಟ್ಕಳದಲ್ಲೇ ಕಲ್ಲು ಹೊರುತ್ತಿದ್ದ ಹೊತ್ತಿಗೆ ಅತ್ತೆಯ ಮಂಡಿ ಬಾತು, ಹಿತ್ತಲವರೆಗೆ ತೆವಳುವುದೇ ಹೆಚ್ಚಾಯಿತು. ದಾರಿಯಲ್ಲಿ ಕಂಡಾಗ ಬೀಬಿಯ ಮನೆಯ ಆಳು ಹೇಳಿದ, "ಕಳ್ಳಿ ಎಂತಕ್ಕೆ ಬರೂದಿಲ್ಲ ಹೇಳಿ ಕೇಳ್ತಿದ್ರು." ಅದನ್ನು ಅತ್ತೆಗೆ ಹೇಳಿದೆ. ಅವಳು ಕೈಯಲ್ಲಿದ್ದ ಎಲೆಯನ್ನು ಉಜ್ಜುತ್ತ ಕೂತಳು. ಆ ಮಳೆಗಾಲ ಪುದೀನಾ ಬಚ್ಚಲ ಕಾಲುವೆಯನ್ನೇ ಮುಚ್ಚಿ ಹಬ್ಬಿತು. ಅಪ್ಪ ಒಂದು ಮುಷ್ಟಿ ಕಿತ್ತು ಮೂಸಿ ಸಂತೋಷಪಟ್ಟ. "ಅಂತೂ ಈ ಸಲ ಹಿಡೀತು ಕಾಣು."

"ಹೌದು ಅಣ್ಣ," ಎಂದಳು ಅತ್ತೆ. "ಇನ್ನು ಅದು ಸಾಯೂದಿಲ್ಲ."

ಮಳೆ ಬಿಡುವ ಮೊದಲೇ ಅವಳು ಹೋದಳು. ಬೇಲಿ ದಾಟಿಸಿ ಹೊತ್ತೊಯ್ದವರಲ್ಲಿ ನಾನೂ ಒಬ್ಬ.

ಇವತ್ತು ಸಾವಿತ್ರಿ ಬಕೆಟ್ಟಿನ ಹೊರಗೆ ಚೆಲ್ಲಿ ಇಳಿಬಿದ್ದ ಕುಡಿಗಳನ್ನು ಒಳಗೆ ಎತ್ತಿ ಹಾಕುತ್ತ, "ಎಷ್ಟು ಚಂದ ಬಂದದೆ ನೋಡಿ," ಎಂದಳು. ನೋಡಿದೆ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು, ಜನರನ್ನು ಹತ್ತಿಸಿಕೊಂಡು ಹೊರಟ ಸದ್ದು ಕೇಳಿತು. ಮಂಚದಿಂದ ಬೋರ್ಡು ಕಾಣುವುದಿಲ್ಲ.