ಭೀಮಪಲಾಸದಲ್ಲಿ ಕುಸಿದ ಸ್ವರ

ಹರಳೆಣ್ಣೆಯ ವಾಸನೆ ಬಂದರೆ ಸಾಕು, ನಾನು ಇಂದಿಗೂ ಶಿಕಾರಿಪುರದ ಆ ಪಡಸಾಲೆಗೆ ಹೋಗಿ ಕೂತುಬಿಡುತ್ತೇನೆ. ಕಳೆದ ತಿಂಗಳು ಸೊರಬದ ನನ್ನ ಮನೆಯ ಜಗುಲಿಯಲ್ಲಿ ಮುದಿ ಮೊಣಕಾಲುಗಳಿಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಾಗಲೇ ಅಂಚೆಯವನು ಬಂದು ಒಂದು ಪೊಟ್ಟಣ ಕೊಟ್ಟ. ತಡೆಯಲಾರದೆ ಎಣ್ಣೆಗೈಯಲ್ಲೇ ಬಿಡಿಸಿದೆ. ಒಳಗೆ ನನ್ನ ದೊಡ್ಡಪ್ಪನ ಹಾರ್ಮೋನಿಯಂ ವಾದನದ ಸಿ.ಡಿ.ಗಳು, ಜೊತೆಗೊಂದು ನುಣುಪು ಹಾಳೆಯ ಪುಸ್ತಿಕೆ. ಬೆಂಗಳೂರಿನ ಸಂಸ್ಥೆಯೊಂದು ಅವನ ಹಳೆಯ ಟೇಪುಗಳನ್ನು ಪಡೆದು, ಚೊಕ್ಕಟ ಮಾಡಿ, ಹೊಸದಾಗಿ ಹೊರತಂದಿತ್ತು. ಮುಖಪುಟದ ಚಿತ್ರದಲ್ಲಿ ದೊಡ್ಡಪ್ಪ ರುಮಾಲು ಸುತ್ತಿಕೊಂಡು ಪೆಟ್ಟಿಗೆಯ ಮುಂದೆ ಕೂತಿದ್ದ. ಆ ಚಿತ್ರ ನನಗೆ ಗೊತ್ತು, ನಮ್ಮ ಮನೆಯ ಗೋಡೆಯ ಮೇಲಿದ್ದದ್ದು. ಅದರಲ್ಲಿ ಅವನೆದುರು ದೊಡ್ಡಮ್ಮನೂ ಇದ್ದಳು. ಮುಖಪುಟಕ್ಕೆಂದು ಕತ್ತರಿಸುವಾಗ ಅವಳನ್ನು ಬಿಟ್ಟಿದ್ದರು. ಬಳೆ ತೊಟ್ಟ ಒಂದು ಮುಂಗೈ ಮಾತ್ರ ಅಂಚಿನಲ್ಲಿ ಉಳಿದಿತ್ತು. ಒಳಗೆ ಯಾರೋ ವಿದ್ವಾಂಸರು ಈ ಕಲಾವಿದರ ಉಸಿರಿನ ಹಿಡಿತ ಅಪೂರ್ವವಾದದ್ದೆಂದು ಬರೆದಿದ್ದರು. ಉಸಿರು ಯಾರದಪ್ಪಾ ಸ್ವಾಮಿ, ಎಂದು ಅವರನ್ನು ಕೇಳಬೇಕೆನಿಸಿತು.

ದೊಡ್ಡಪ್ಪ ಶಿವಲಿಂಗಪ್ಪ ನನ್ನ ಅಪ್ಪನ ಅಣ್ಣ. ಶಿಕಾರಿಪುರದ ಪೇಟೆಬೀದಿಯಲ್ಲಿ ಅವನದು ಅಕ್ಕಿ ಕಾಳಿನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅಪ್ಪ ಉಳವಿಯಲ್ಲಿ ಗದ್ದೆ ನೋಡಿಕೊಂಡಿದ್ದ. ಓದಲೆಂದು ನನ್ನನ್ನು ತಂದು ದೊಡ್ಡಮ್ಮ ಗಿರಿಜವ್ವನ ಮಡಿಲಿಗೆ ಹಾಕಿದರು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ನಾನು ಬಂದವಳು ಬಂದವಳೇ, ಉಳವಿಗೆ ನೆಂಟಳಾಗಿಬಿಟ್ಟೆ. ಅಂಗಡಿಯಲ್ಲಿ ದೊಡ್ಡಪ್ಪ ಕೂರುತ್ತಿದ್ದದ್ದು ಹೆಸರಿಗೆ ಮಾತ್ರ. ಅವನ ಜೀವವೆಲ್ಲ ಹಾರ್ಮೋನಿಯಂ ಪೆಟ್ಟಿಗೆಯಲ್ಲಿತ್ತು. ಹಾಡುವವರ ಹಿಂದೆ ಸಾಥಿಗೆ ಕೂರುವ ಪೈಕಿಯಲ್ಲ ಅವನು. ಪೆಟ್ಟಿಗೆಯೊಂದನ್ನೇ ಇಟ್ಟುಕೊಂಡು ಇಡೀ ಸಭೆಯನ್ನು ಹಿಡಿದು ಕೂರಿಸುತ್ತಿದ್ದ. ಹಾವೇರಿ, ಹುಬ್ಬಳ್ಳಿ, ದಾವಣಗೆರೆಯಿಂದೆಲ್ಲ ಕರೆ ಬರುತ್ತಿತ್ತು. ಆ ಕಾಲದಲ್ಲಿ ರೇಡಿಯೋದವರು ಹಾರ್ಮೋನಿಯಂ ಅನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ, ಅದು ಪರದೇಶದ ಪೆಟ್ಟಿಗೆಯೆಂದು. ದೊಡ್ಡಪ್ಪ ಅದಕ್ಕೆ ಕೊರಗಿದ್ದನ್ನು ನಾನು ನೋಡಲಿಲ್ಲ. ಅವನ ಕೊರಗೇನಿದ್ದರೂ ಎಡಗೈಯದಾಗಿತ್ತು. ನಾನು ಆ ಮನೆಗೆ ಹೋಗುವ ಮೊದಲೇ, ಬಂದಳಿಕೆಯ ಕಡೆಯಿಂದ ಭತ್ತ ಹೇರಿಕೊಂಡು ಬರುವಾಗ ಗಾಡಿ ಮಗುಚಿ, ಅವನ ಎಡಗೈ ಮೊಣಕೈಯಿಂದ ಕೆಳಗೆ ಸತ್ತುಹೋಗಿತ್ತು. ಬಲಗೈ ಸ್ವರದ ಮನೆಗಳ ಮೇಲೆ ಓಡಾಡುವಾಗ ಎಡಗೈ ತಿದಿ ಒತ್ತಬೇಕು, ತಿದಿ ಗಾಳಿ ತುಂಬಿದರೆ ಮಾತ್ರ ಪೆಟ್ಟಿಗೆಗೆ ದನಿ. ಆ ಎಡಗೈಯ ಕೆಲಸವನ್ನು ದೊಡ್ಡಮ್ಮ ತಾನು ವಹಿಸಿಕೊಂಡಳು.

ಪೆಟ್ಟಿಗೆಯ ಈಚೆ ದೊಡ್ಡಪ್ಪ, ಆಚೆ ದೊಡ್ಡಮ್ಮ. ಸಭೆಗಳಲ್ಲಿ ಜನರಿಗೆ ಬೆನ್ನು ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಸ್ವಲ್ಪ ಓರೆಯಾಗಿ ಕೂರುತ್ತಿದ್ದಳು. ಹಾಗಾಗಿ ಅಷ್ಟು ಊರುಗಳ ಅಷ್ಟು ಜನರಲ್ಲಿ ಅವಳ ಮುಖ ನೋಡಿದವರು ಯಾರೂ ಇರಲಿಲ್ಲ. ಅವಳ ಕಣ್ಣು ಮಾತ್ರ ದೊಡ್ಡಪ್ಪನ ಭುಜದ ಮೇಲೆ. ಅವನು ಸ್ವರವನ್ನು ಎಳೆದು ನಿಲ್ಲಿಸುವ ಮೊದಲೇ ಅವಳ ಕೈ ನಿಧಾನವಾಗುತ್ತಿತ್ತು, ವೇಗದ ತಾನ್‌ಗಳಿಗೆ ಹೊರಳುವ ಮೊದಲೇ ತಿದಿ ತುಂಬಿರುತ್ತಿತ್ತು. ರಾಗ ಯಾವುದು ದೊಡ್ಡಮ್ಮ ಎಂದು ಕೇಳಿದರೆ ನಕ್ಕುಬಿಡುತ್ತಿದ್ದಳು. "ರಾಗ ಗೀಗ ಎಲ್ಲ ಅವರ್ನೇ ಕೇಳವ್ವ. ಅವರಿಗೆ ಯಾವಾಗ ಉಸಿರು ಬೇಕು ಅಂತ, ಅಷ್ಟು ಗೊತ್ತು ನಂಗೆ" ಎನ್ನುತ್ತಿದ್ದಳು. ತಿದಿಯ ಮಡಿಕೆಗಳಲ್ಲಿ ಚರ್ಮ ಒಣಗಿ ಬಿರಿಯದಿರಲೆಂದು ವಾರಕ್ಕೊಮ್ಮೆ ಹರಳೆಣ್ಣೆ ಸವರುತ್ತಿದ್ದಳು. ಅನ್ನ ಕಲಸಿ ತುತ್ತು ಕೊಟ್ಟರೂ, ಜಡೆ ಹಾಕಿದರೂ ಅವಳ ಕೈಯಲ್ಲಿ ಆ ಎಣ್ಣೆ, ಆ ಚರ್ಮದ ವಾಸನೆ ಇದ್ದೇ ಇರುತ್ತಿತ್ತು. ಅವರಿಬ್ಬರೂ ಜಗಳವಾಡುವುದೂ ಇತ್ತು. ಬೆಳಿಗ್ಗೆ ಮಾತಿಗೆ ಮಾತು ಬೆಳೆದ ದಿನ ದೊಡ್ಡಮ್ಮ ತಿದಿ ಒತ್ತಲು ಬರುತ್ತಿದ್ದಳು, ಬರದೆ ಇರುತ್ತಿರಲಿಲ್ಲ. ಆದರೆ ಗಾಳಿಯನ್ನು ಅಳೆದು ಸುರಿದು, ಜಿಪುಣತನದಿಂದ ಬಿಡುತ್ತಿದ್ದಳು. ಪೆಟ್ಟಿಗೆ ನೆಗಡಿಯಾದವರ ಹಾಗೆ ಮುಲುಗುತ್ತಿತ್ತು. ದೊಡ್ಡಪ್ಪ ಎರಡು ಸುತ್ತು ನುಡಿಸಿ, ಆಯ್ತು ಮಾರಾಯ್ತಿ, ತಪ್ಪು ನಂದೇ ಎಂದು ಒಪ್ಪಿಕೊಳ್ಳುತ್ತಿದ್ದ. ಆಮೇಲೆ ಮನೆ ತುಂಬುವಷ್ಟು ನಾದ ಬರುತ್ತಿತ್ತು.

ದೊಡ್ಡಪ್ಪನ ಗೆಳೆಯ ಖಾದರ್ ಸಾಹೇಬರದು ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ. ಅವರು ಮುಂಬಯಿಗೆ ಹೋದಾಗ ಹಳೆಯದೊಂದು ಟೇಪ್ ರೆಕಾರ್ಡರ್ ಕೊಂಡು ತಂದಿದ್ದರು, ಊಟದ ತಟ್ಟೆಯಷ್ಟು ಅಗಲದ ಎರಡು ಚಕ್ರಗಳದ್ದು. ನಮ್ಮ ಬೀದಿಗೆ ಆಗಷ್ಟೇ ಕರೆಂಟು ಬಂದಿತ್ತು. ರೇಡಿಯೋದವರು ಬೇಡವೆಂದರೆ ಏನಂತೆ, ನಾವೇ ಹಿಡಿದಿಡೋಣ ಎಂಬುದು ಸಾಹೇಬರ ಹಟ. ಹಾಗಾಗಿ ಶುಕ್ರವಾರ ನಮಾಜು ಮುಗಿಸಿ, ಅಂಗಡಿಗೆ ಹೋಗದೆ, ಮಷೀನು ಹೊತ್ತುಕೊಂಡು ನೇರ ನಮ್ಮ ಮನೆಗೆ ಬರುತ್ತಿದ್ದರು. ಚಕ್ರ ತಿರುಗುವಾಗ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿರಲಿಲ್ಲ. ಅಂಗಡಿಯ ಗಿರಾಕಿ ಕೂಡ ಅಕ್ಕಿಯನ್ನು ಸನ್ನೆಯಲ್ಲೇ ಕೇಳಬೇಕಿತ್ತು. ಬೀದಿಬಾಗಿಲಲ್ಲಿ ಕೂತು, ಬಂದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುವುದು ನನಗೆ ಒಪ್ಪಿಸಿದ್ದ ಅಧಿಕಾರ. ನನಗಾಗ ಏಳೋ ಎಂಟೋ ವರ್ಷ. ಅಂಥ ಅಧಿಕಾರ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ಅಂಥದೊಂದು ಮಧ್ಯಾಹ್ನ ದೊಡ್ಡಪ್ಪ ಭೀಮಪಲಾಸ ನುಡಿಸುತ್ತಿದ್ದ. ಮನೆಯಲ್ಲಿ ಸಭೆ ಇಲ್ಲದ್ದರಿಂದ ದೊಡ್ಡಮ್ಮ ಸೆರಗು ಹೊದ್ದಿರಲಿಲ್ಲ, ಅವಳ ಮುಖ ಬಾಗಿಲ ಕಡೆಗಿತ್ತು. ಬಿಸಿಲಲ್ಲಿ ಒಬ್ಬರು ನಡೆದು ಬಂದರು. ಕುಬಟೂರಿನ ಬಸಣ್ಣ, ದೊಡ್ಡಮ್ಮನ ತವರುಮನೆಯ ಪಕ್ಕದವರು, ಬಂದಾಗಲೆಲ್ಲ ನನಗೆ ಕಡಲೆ ಮಿಠಾಯಿ ತರುತ್ತಿದ್ದವರು. ನಾನು ಬೆರಳು ತುಟಿಗಿಟ್ಟೆ. ಅವರು ತಲೆಯಾಡಿಸಿ, ಮೆಟ್ಟಿಲು ಹತ್ತದೆ ಕೆಳಗೇ ನಿಂತರು. ಆನವಟ್ಟಿ, ಶಿರಾಳಕೊಪ್ಪ ಸುತ್ತಿ ಬಸ್ಸಿನಲ್ಲಿ ಬಂದ ನೆಂಟರು, ಬಾಯಾರಿರುತ್ತಾರೆಂದು ನಾನು ಸದ್ದಿಲ್ಲದೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲದ ಚೂರು ತಂದು ಹೊಸ್ತಿಲಲ್ಲಿ ನಿಂತು ಚಾಚಿದೆ. ಬಸಣ್ಣ ತೆಗೆದುಕೊಳ್ಳಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಬೇಡವೆಂದು ಕೈಯಾಡಿಸಿ, ಒಂದು ಹೆಜ್ಜೆ ಹಿಂದೆ ಸರಿದರು. ನಮ್ಮ ಕಡೆ ಸಾವಿನ ಸುದ್ದಿ ತಂದವರು ಮನೆಯೊಳಗೆ ಕಾಲಿಡುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲ. ದೊಡ್ಡಮ್ಮನಿಗೆ ಗೊತ್ತಿತ್ತು. ನಾನು ಇನ್ನೂ ತಂಬಿಗೆ ಚಾಚಿಕೊಂಡೇ ನಿಂತಿದ್ದೆ, ಹಿಂದಿನಿಂದ ಭೀಮಪಲಾಸದ ಎಳೆದು ನಿಲ್ಲಿಸಿದ್ದ ಸ್ವರ ಸೊರಗಿ, ತಗ್ಗಿ, ಕುಸಿದು ಇನ್ನೇನು ಆರಿಹೋಗುತ್ತದೆ ಎನ್ನುವಲ್ಲಿಗೆ ಬಂತು. ತಿರುಗಿ ನೋಡಿದೆ. ದೊಡ್ಡಮ್ಮನ ಕೈ ತಿದಿಯ ಮೇಲೆ ನಿಂತುಬಿಟ್ಟಿತ್ತು. ದೊಡ್ಡಪ್ಪ ತಲೆ ಎತ್ತಿದ, ಆದರೆ ಸ್ವರದ ಮನೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಆ ಕೈ ಮತ್ತೆ ಆಡಿತು, ಸ್ವರ ಎದ್ದು ನಿಂತಿತು, ರಾಗ ಮುಂದುವರಿಯಿತು. ದೊಡ್ಡಮ್ಮ ಕೊನೆಯತನಕ ತಿದಿ ಒತ್ತಿದಳು.

ಸಾಹೇಬರು ಚಕ್ರ ನಿಲ್ಲಿಸಿದ ಮೇಲೆ ದೊಡ್ಡಪ್ಪ ತುಸು ಸಿಡುಕಿನಿಂದಲೇ, ನಡುವೆ ಯಾಕೆ ಕೈ ಬಿಟ್ಟೆ ಎಂದು ಕೇಳಿದ. ದೊಡ್ಡಮ್ಮ ತಿದಿಯ ಕೊಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡಳು. "ಅವ್ವ ಹೋದ್ಲು ರೀ" ಎಂದಳು. ಕುಬಟೂರಿನಲ್ಲಿ ಅವಳ ಅವ್ವ ಹಾಸಿಗೆ ಹಿಡಿದು ತಿಂಗಳಾಗಿತ್ತು. ಬಸಣ್ಣ ಆಗ ಕೆಳಗೆ ನಿಂತೇ ಬಾಯಿಬಿಟ್ಟು ಅತ್ತರು. ಅವತ್ತು ಸಂಜೆಯೊಳಗೆ ಅವರೆಲ್ಲ ಕುಬಟೂರಿಗೆ ಹೋದರು. ತಿಂಗಳು ಕಳೆದ ಮೇಲೆ ಸಾಹೇಬರು ಮತ್ತೆ ಮಷೀನು ತಂದು, ಆ ಟೇಪು ಅಳಿಸಿ ಭೀಮಪಲಾಸವನ್ನು ಹೊಸದಾಗಿ ಹಿಡಿಯೋಣವೆಂದರು. ಟೇಪು ಆಗ ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ. ದೊಡ್ಡಪ್ಪ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು, "ಬೇಡ ಸಾಹೇಬ್ರೇ. ಅದೊಂದು ಅವಳದ್ದು, ಇರಲಿ" ಎಂದ. ಅವನು ಮತ್ತೆಂದೂ ಭೀಮಪಲಾಸ ನುಡಿಸಲಿಲ್ಲ, ಸಭೆಗಳಲ್ಲಿ ಕೇಳಿದರೂ.

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಯಾವ ಮನೆಯಲ್ಲೂ ಇಲ್ಲದ ಒಂದು ಪದ್ಧತಿ ಬೆಳೆಯಿತು. ವರ್ಷಕ್ಕೊಮ್ಮೆ ದೊಡ್ಡಮ್ಮನ ಅವ್ವನ ಹೆಸರಿನಲ್ಲಿ ಎಡೆ ಇಡುವ ದಿನ ಸಾಹೇಬರು ಆ ಟೇಪು ತರುತ್ತಿದ್ದರು. ಎಡೆಗೆ ಕೈಮುಗಿದು, ಊಟಕ್ಕೆ ಎಲೆ ಹಾಕುವ ಮೊದಲು ಎಲ್ಲರೂ ಪಡಸಾಲೆಯಲ್ಲಿ ಕೂತು ಭೀಮಪಲಾಸ ಕೇಳುತ್ತಿದ್ದೆವು. ಸ್ವರ ಕುಸಿಯುವ ಜಾಗ ಬಂದಾಗ ದೊಡ್ಡಮ್ಮ ಕಣ್ಣುಮುಚ್ಚುತ್ತಿದ್ದಳು. ಅದು ಎದ್ದ ಕೂಡಲೇ ತಾನೂ ಎದ್ದು, ಬಡಿಸಲು ಹೋಗುತ್ತಿದ್ದಳು. ನಾನು ದೊಡ್ಡವಳಾದ ಮೇಲೆ ಒಮ್ಮೆ, ಗೊತ್ತಾದ ಮೇಲೂ ಅವತ್ತು ಹೇಗೆ ತಿದಿ ಒತ್ತಿದೆ ಎಂದು ಕೇಳಿದ್ದೆ. ಅವಳು, "ಬಸಣ್ಣ ಬಾಯಿಬಿಟ್ಟು ಹೇಳಿರ್ಲಿಲ್ಲ ನೋಡು. ರಾಗ ಮುಗಿಯೋ ತನಕ ನಮ್ಮವ್ವ ಇನ್ನೂ ಇದ್ಲು" ಎಂದಳು. ಅವಳೂ ಹೋದಳು. ಅವಳು ಹೋದ ಮೇಲೆ ದೊಡ್ಡಪ್ಪ ನನ್ನನ್ನು ಕರೆದು ತಿದಿಯ ಮುಂದೆ ಕೂರಿಸಿದ. ನಾನು ಒತ್ತಿದೆ, ಅವನು ನಾಲ್ಕು ಸ್ವರ ಹಿಡಿದ. ಗಾಳಿ ಬಂತು, ದನಿಯೂ ಬಂತು. ಸಾಕು ಮಗಾ ಎಂದು ಮುಚ್ಚಳ ಹಾಕಿದ, ಮತ್ತೆ ತೆಗೆಯಲಿಲ್ಲ. ಅವಳ ಹೆಸರಿನ ಎಡೆಯ ದಿನವೂ ನಾವು ಆ ಟೇಪನ್ನೇ ಕೇಳಿದೆವು. ಅವಳ ಅವ್ವನಿಗಾಗಿ ನಿಂತ ಉಸಿರು ಈಗ ಅವಳದೇ ಗುರುತಾಗಿತ್ತು. ಮಕ್ಕಳಿಲ್ಲದ, ಮುಖ ಕಾಣದ, ಎಲ್ಲೂ ಹೆಸರಿಲ್ಲದ ಆ ಹೆಂಗಸು ಲೋಕದಲ್ಲಿ ಉಳಿದದ್ದು ಅಲ್ಲಿ ಮಾತ್ರ. ಆಮೇಲೆ ದೊಡ್ಡಪ್ಪ ಹೋದ, ಸಾಹೇಬರು ಹೋದರು, ಮಷೀನು ಕೆಟ್ಟು ಕೂತಿತು. ಮನೆ ಇದ್ದ ಜಾಗದಲ್ಲಿ ಈಗ ಮೊಬೈಲು ಅಂಗಡಿಗಳ ಸಾಲಿದೆ. ಸಾಹೇಬರ ಮಗ ಟೇಪುಗಳನ್ನೆಲ್ಲ ಜೋಪಾನ ಮಾಡಿ ಇಟ್ಟುಕೊಂಡು, ಕೊನೆಗೆ ಒಳ್ಳೆಯ ಮನಸ್ಸಿನಿಂದಲೇ ಆ ಸಂಸ್ಥೆಗೆ ಕೊಟ್ಟಿದ್ದರು. ಸಿ.ಡಿ. ಬರುತ್ತದೆಂದು ತಿಳಿದಂದಿನಿಂದ ನಾನು ಕಾದದ್ದು ದೊಡ್ಡಪ್ಪನ ರಾಗಗಳಿಗಲ್ಲ. ಸಾಯುವ ಮೊದಲು ಆ ಒಂದು ಉಸಿರನ್ನು ಇನ್ನೊಮ್ಮೆ ಕೇಳಬೇಕಿತ್ತು, ಅಷ್ಟೇ.

ಎಣ್ಣೆಗೈ ಒರೆಸಿಕೊಂಡು ಭೀಮಪಲಾಸ ಹಾಕಿದೆ. ಎಷ್ಟು ನಿಚ್ಚಳವಾಗಿತ್ತೆಂದರೆ ದೊಡ್ಡಪ್ಪ ಪಕ್ಕದ ಕೋಣೆಯಲ್ಲಿ ಕೂತಂತಿತ್ತು. ಸಾಹೇಬರ ಮಷೀನಿನ ಗುಂಯ್ ಸದ್ದಿಲ್ಲ, ಬೀದಿಯ ಗಾಡಿಗಳಿಲ್ಲ. ಆ ಜಾಗ ಹತ್ತಿರ ಬಂತು, ಕಣ್ಣುಮುಚ್ಚಿದೆ. ಸ್ವರ ಅಲುಗದೆ ನೆಟ್ಟಗೆ ನಿಂತು, ಮುಂದೆ ಹೋಯಿತು. ನನ್ನ ಕಿವಿಯೇ ಕೆಟ್ಟಿತೇನೋ ಎಂದು ಮತ್ತೆ ಹಾಕಿದೆ. ಇಲ್ಲ. ಪುಸ್ತಿಕೆಯಲ್ಲಿದ್ದ ನಂಬರಿಗೆ ಫೋನು ಮಾಡಿದರೆ ತರುಣನೊಬ್ಬ ಎತ್ತಿದ, ಬಹಳ ವಿನಯದವನು. "ಅಲ್ಲಿ ಟೇಪು ಎಳೆದು ಸ್ವರ ಕುಸಿದಿತ್ತು ಮೇಡಂ. ಆ ಒಂದು ಜಾಗಕ್ಕೇ ವಾರಗಟ್ಟಲೆ ಕೂತು ಸರಿ ಮಾಡಿದ್ವಿ. ಈಗ ಗೊತ್ತೇ ಆಗಲ್ಲ ಅಲ್ವಾ?" ಎಂದ. ಅವನ ದನಿಯಲ್ಲಿ ಹೆಮ್ಮೆಯಿತ್ತು, ನ್ಯಾಯವಾದ ಹೆಮ್ಮೆ. ನಾನು ಎಲ್ಲ ಹೇಳಿದೆ. ಸರಿ ಮಾಡುವ ಮೊದಲಿನ ಪ್ರತಿ ಹುಡುಕುತ್ತೇನೆ ಅಮ್ಮ ಎಂದ, ಮೇಡಂ ಎನ್ನುವುದನ್ನು ಬಿಟ್ಟು. ಕೆಲವು ದಿನ ಬಿಟ್ಟು ಅವನೇ ಫೋನು ಮಾಡಿದ. ಟೇಪು ಒಮ್ಮೆ ಓಡಿದ್ದಷ್ಟೇ, ಆಮೇಲೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತಂತೆ. ಮೊದಲ ಪ್ರತಿ ಇಟ್ಟಿದ್ದ ಡಿಸ್ಕು ಕೆಟ್ಟುಹೋಗಿತ್ತಂತೆ. ಹೇಳುತ್ತ ಹೇಳುತ್ತ ಆ ಹುಡುಗ ಅತ್ತುಬಿಟ್ಟ. ಅವನನ್ನು ನಾನೇ ಸಮಾಧಾನ ಮಾಡಬೇಕಾಯಿತು. ಫೋನು ಇಟ್ಟ ಮೇಲೆ ನನ್ನನ್ನು ಸಮಾಧಾನ ಮಾಡಲು ಯಾರೂ ಇರಲಿಲ್ಲ. ಎದೆಯೊಡೆದು ಅತ್ತೆ.

ನಿಮ್ಮ ಮನೆಯಲ್ಲೂ ಹೋದವರ ಇಂಥದೊಂದು ಗುರುತು ಇದ್ದೀತು, ಕಂಡವರಿಗೆ ಒರೆಸಿಹಾಕಬೇಕಾದ ಕಲೆಯಂತೆ ಕಾಣುವಂಥದ್ದು. ನನ್ನದು ಹೋಯಿತು. ಈಗಲೂ ಮಧ್ಯಾಹ್ನಗಳಲ್ಲಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಾಗ, ಒಮ್ಮೊಮ್ಮೆ ಆ ಭೀಮಪಲಾಸ ಹಾಕುತ್ತೇನೆ. ಆ ಜಾಗ ಬರುತ್ತದೆ, ಸ್ವರ ಕುಸಿಯದೆ ದಾಟಿ ಹೋಗುತ್ತದೆ. ಅಲ್ಲಿ ಕುಬಟೂರಿನ ಅವ್ವ ಸಾಯುವುದಿಲ್ಲ. ಬಸಣ್ಣ ಟವೆಲ್ಲನ್ನು ಹೆಗಲ ಮೇಲೇ ಇಟ್ಟುಕೊಂಡು, ಮೆಟ್ಟಿಲು ಹತ್ತಿ ಬಂದು, ಹುಡುಗಿಯ ಕೈಯಿಂದ ತಂಬಿಗೆ ತೆಗೆದುಕೊಂಡು ಗಟಗಟನೆ ನೀರು ಕುಡಿಯುತ್ತಾರೆ. ಎಲ್ಲ ಸರಿಯಾಗಿದೆ. ಪೆಟ್ಟಿಗೆಯ ಆಚೆ ಮಾತ್ರ ಯಾರೂ ಕೂತಿಲ್ಲ.