ನೂರು ದಿನಗಳ ಬೋರ್ಡು

ನಮ್ಮ ಬಂಗಾರಪೇಟೆಯ ಬೀದಿಗೂ ಇನ್ನು ಅಡುಗೆ ಗ್ಯಾಸು ಕೊಳವೆಯಲ್ಲಿ ಬರುತ್ತದಂತೆ. ಮೊನ್ನೆ ಕಂಪನಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದು ನುಣುಪು ಕಾಗದದ ಪುಸ್ತಿಕೆಯೊಂದನ್ನು ಕೈಗಿಟ್ಟಳು. ಕಂಪನಿ ಹುಟ್ಟಿದ ಕಥೆ, ಎಲ್ಲೆಲ್ಲಿ ಕೊಳವೆ ಹಾಕಿದ್ದೇವೆ ಎಂಬ ಹೆಗ್ಗಳಿಕೆ, ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ‘ಇಂದಿನವರೆಗೆ ಒಂದೂ ಅಪಘಾತವಿಲ್ಲ’. ಅದನ್ನು ಓದಿದ್ದೇ ನನಗೆ ಸುಸ್ತಾಯಿತು. ಎಂಬತ್ತು ದಾಟಿದವನಿಗೆ ಸುಸ್ತಾಗಲು ಕಾರಣ ಬೇರೆ ಬೇಕೇ ಅನ್ನುತ್ತೀರಿ. ಇದು ಆ ಸುಸ್ತಲ್ಲ.

ಅರವತ್ತರ ದಶಕದಲ್ಲಿ ನಾನು ಕೆ.ಜಿ.ಎಫ್‌ನ ಒಂದು ಗಣಿಯಲ್ಲಿ ಗುಮಾಸ್ತ. ಯಾವ ಗಣಿ ಎಂದು ಕೇಳಬೇಡಿ. ನೆಲದಾಳದಲ್ಲಿ ಬಂಡೆ ಕೊರೆಯುವ ಯಂತ್ರಗಳು ಓಡುತ್ತಿದ್ದುದು ಗಾಳಿಯ ಒತ್ತಡದಿಂದ. ಆ ಗಾಳಿಯನ್ನು ಹೊತ್ತ ದಪ್ಪ ಕಬ್ಬಿಣದ ಪೈಪುಗಳನ್ನು ನೋಡಿಕೊಳ್ಳುತ್ತಿದ್ದವನು ಫಿಟ್ಟರ್ ಮುನಿಶಾಮಪ್ಪ. ನಮ್ಮೂರ ಪಕ್ಕದ ಹಳ್ಳಿಯವನು, ಮನೆಯಲ್ಲಿ ರಾಗಿ ಹೊಲ, ಎರಡು ಎಮ್ಮೆ. ಗಣಿಗೆ ಹೋಗುವ ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂರುತ್ತಿದ್ದೆವು.

“ಎಮ್ಮೆಗಿಂತ ಈ ಪೈಪೇ ವಾಸಿ ಸ್ವಾಮಿ, ಒದಿಯಲ್ಲ,” ಎನ್ನುತ್ತಿದ್ದ.

ನನ್ನ ದೊಡ್ಡ ಕೆಲಸವೆಂದರೆ ಗೇಟಿನ ಬೋರ್ಡು. ಅಪಘಾತವಿಲ್ಲದೆ ಎಷ್ಟು ದಿನ ಕಳೆದವು ಎಂದು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯಬೇಕು. ನನ್ನ ಅಂಕಿಗಳು ಮುದ್ದಾಗಿದ್ದವು. ಅಷ್ಟು ಜನರ ಜೀವ ಉಳಿದಿರುವುದೇ ನನ್ನ ಕೈಬರಹದಿಂದ ಎಂಬಂತೆ ಬೀಗುತ್ತಿದ್ದೆ. ನೂರು ದಿನವಾದರೆ ಎಲ್ಲರ ಮನೆಗೂ ಲಾಡು. ಒಂದು ನಿಯಮವಿತ್ತು: ಪೆಟ್ಟು ತಿಂದವನು ಮರುದಿನದಿಂದ ಒಂದು ದಿನವೂ ತಪ್ಪದೆ ಕೆಲಸಕ್ಕೆ ಬಂದರೆ ಅದು ಅಪಘಾತವಲ್ಲ. ಕೆಲಸ ಮಾಡಬೇಕಿರಲಿಲ್ಲ, ಬಂದು ಕೂತರೆ ಸಾಕು. ಕಾಲು ಉಳುಕಿದವರು, ಬೆರಳು ಜಜ್ಜಿಕೊಂಡವರು ಆಫೀಸಿನ ಬೆಂಚಿನ ಮೇಲೆ ಕೂತು, ಬೀಡಿ ಸೇದಿ, ಸಂಜೆ ಮನೆಗೆ ಹೋಗುತ್ತಿದ್ದುದು ವಾಡಿಕೆ.

ತೊಂಬತ್ತಾರನೆಯ ದಿನ ಪೈಪಿನ ಜಾಯಿಂಟೊಂದು ಸಿಡಿದು, ತುಕ್ಕು ಹಿಡಿದ ಚೂರು ಮುನಿಶಾಮಪ್ಪನ ಬಲಗಣ್ಣಿಗೆ ಬಡಿಯಿತು. ಡಾಕ್ಟರು ಪಟ್ಟಿ ಕಟ್ಟಿ, ಒಂದು ವಾರ ಅಲುಗಾಡದೆ ಮಲಗಿರಬೇಕು, ಇಲ್ಲದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದರು. ಮರುದಿನ ಬೆಳಿಗ್ಗೆ ಅವನ ಮನೆ ಬಾಗಿಲಲ್ಲಿ ನಾನು. ಯಾರೂ ಕಳಿಸಿರಲಿಲ್ಲ, ನಾನೇ ಹೋಗಿದ್ದೆ. ನೂರು ಎಂದು ಬರೆಯುವ ಆಸೆ ಅಷ್ಟಿತ್ತು.

“ನಾಲ್ಕೇ ದಿನ ಮುನಿಶಾಮಪ್ಪ. ಬೆಂಚಿನ ಮೇಲೆ ಮಲಗಿಕೊಂಡಿರು,” ಎಂದೆ.

ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ಕಣ್ಣೇ ಓಗ್ಬಿಟ್ರೆ ನಿಮ್ ಬೋರ್ಡು ತಂದ್ಕೊಡ್ತದಾ ಸ್ವಾಮಿ?”

“ಸುಮ್ಕಿರೇ. ನನ್ನೊಬ್ನಿಂದ ಅಷ್ಟು ಮಂದಿ ಮಕ್ಕಳಿಗೆ ಲಾಡು ತಪ್ಪಬೇಕಾ? ಬತ್ತೀನಿ ಸ್ವಾಮಿ, ನಡೀರಿ,” ಎಂದು ಮುನಿಶಾಮಪ್ಪ ಗೋಡೆ ಹಿಡಿದು ಎದ್ದ.

ನಾಲ್ಕು ದಿನ ಆ ರೈಲಿನ ಕುಲುಕಾಟದಲ್ಲಿ ಅವನ ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು ಕರೆದೊಯ್ದೆ. ನೂರನೆಯ ದಿನ ಲಾಡು ಹಂಚಿದರು. ಮುಂದಿನ ವಾರ ಕಣ್ಣು ಹೋಯಿತು. ಅಪಘಾತವೇ ಆಗಿರಲಿಲ್ಲವಲ್ಲ, ಮನೆಯಲ್ಲಿ ಏನೋ ಮಾಡಿಕೊಂಡಿದ್ದಾನೆ ಎಂದು ಮೇಲಿನವರು ಫಿಟ್ಟರ್ ಕೆಲಸ ಬಿಡಿಸಿ ಕೈಗೆ ಪೊರಕೆ ಕೊಟ್ಟರು. ನಾನು ಬಾಯಿ ಬಿಡಲಿಲ್ಲ.

ಮುನಿಶಾಮಪ್ಪ ನನ್ನನ್ನು ಬೈಯಲಿಲ್ಲ. ರೈಲಿನಲ್ಲಿ ಮಾತ್ರ ಜಾಗ ಬದಲಾಯಿಸಿ, ಉಳಿದ ಕಣ್ಣಿಗೆ ನಾನು ಕಾಣುವ ಹಾಗೆ ಕೂತು ಎಮ್ಮೆಗಳ ವಿಷಯ ಮಾತಾಡುತ್ತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ನಾನು ಬೇರೆ ರೈಲು ಹಿಡಿಯತೊಡಗಿದೆ. ಹೆಂಡತಿಗೂ ಇದನ್ನು ಹೇಳಿದವನಲ್ಲ.

“ಏನ್ ತಾತಾ, ಅದೇ ಪುಟ ನೋಡ್ತಾ ಕುಂತ್ಬಿಟ್ರಿ?” ಎಂದು ಪುಸ್ತಿಕೆ ಕೊಟ್ಟ ಆ ಹೆಣ್ಣುಮಗಳು ನಕ್ಕಳು. “ನಂಬಿಕೆ ಇಲ್ವಾ? ಆಫೀಸ್ನೋರು ಸುಳ್ಳು ಬರೀತಾರಾ?”

“ಬರೆಯಲ್ಲಮ್ಮ,” ಎಂದೆ. “ನಾನೂ ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಕೂತ್ಕೊ. ಮುನಿಶಾಮಪ್ಪ ಅಂತ ಒಬ್ಬ ಫಿಟ್ಟರ್ ಇದ್ದ.”